ಕುಂಕುಮ ತಂದ ಕಂಡಕ್ಟರ್

ಮಧುಗಿರಿಯಿಂದ ಶಿರಾಕ್ಕೆ ಬರುವ ಬಸ್ಸಿನ ಕಂಡಕ್ಟರ್ ಸಾಬರು ಯಾರು ಏನು ಹೇಳಿದರೂ ಕಿವಿಗೆ ಸಿಕ್ಕಿಸಿದ ಪೆನ್ಸಿಲ್ ಮುಟ್ಟಿಕೊಂಡು "ರೈಟ್" ಅನ್ನುತ್ತಿದ್ದರು.

ಮಿಲಿಟರಿಯಲ್ಲಿದ್ದ ಭಾವನ ರಜೆ ಮೊಟಕಾಗಿ, ಅಕ್ಕನ ಮದುವೆಯನ್ನು ವಾರದೊಳಗೆ ಶಿರಾದ ನಮ್ಮ ಮನೆಯಲ್ಲೇ ಚಿಕ್ಕದಾಗಿ ಮಾಡಬೇಕಾಯಿತು. ಮಧುಗಿರಿಯ ಸೋದರತ್ತೆಯನ್ನು ಕರೆಯಲು ಹೋಗುವವರಿಲ್ಲ. ಕುಂಕುಮ ಕೊಟ್ಟು ಕರೆಯದಿದ್ದರೆ ಆಕೆ ಬರುವವಳಲ್ಲ. ಅಮ್ಮ ಕುಂಕುಮದ ಭರಣಿಯನ್ನು ಸಾಬರ ಕೈಗಿಟ್ಟಳು. "ರೈಟ್" ಎಂದು ಅವರು ಅದನ್ನು ಟಿಕೆಟ್ ಚೀಲಕ್ಕೆ ಹಾಕಿಕೊಂಡರು.

ಮದುವೆಯ ದಿನ ಬಸ್ಸು ನಮ್ಮ ಬಾಗಿಲ ಮುಂದೆಯೇ ನಿಂತಿತು. ಅತ್ತೆ ಮೂತಿ ಊದಿಸಿಕೊಂಡೇ ಇಳಿದಳು.

"ಗಂಡಸಿನ ಕೈಲಿ ಕುಂಕುಮ ಕಳ್ಸಿದ್ದೀಯಲ್ಲ ಕಣಮ್ಮ. ಆವಯ್ಯ ಜೋಡು ಬುಟ್ಟು ಒಳಗ್ಬಂದು, ಭರಣಿ ಮುಂದಿಟ್ಟು, 'ನಮ್ಮನೆ ಮದ್ವೆ ಅಕ್ಕಾ' ಅಂದ. ಹೆಂಗೆ ಬರ್ದೆ ಇರ್ಲಿ?"

ಸಾಬರು ಆಗಲೇ ಫುಟ್‌ಬೋರ್ಡ್ ಹತ್ತಿದ್ದರು. ಅಮ್ಮ ಎಲೆ ಅಡಿಕೆಯ ತಟ್ಟೆ ಹಿಡಿದು ಬಸ್ಸಿನ ಬಳಿಗೆ ಓಡಿದಳು.

"ಸಾಬ್ರೇ, ನಮ್ಮೋರ್ನ ನೀವು ಕರ್ದ್ರಿ. ನಿಮ್ಮನ್ನ ಕರ್ದೋರ್ಯಾರು? ನಾನೇ ಬಂದಿವ್ನಿ, ಇಳೀರಿ."

ಪೆನ್ಸಿಲ್ಲಿನತ್ತ ಹೋದ ಕೈ ಅರ್ಧಕ್ಕೇ ನಿಂತಿತು. ಸಾಬರು ಡ್ರೈವರನ ಕಡೆ ತಿರುಗಿ, "ಹೋಲ್ಡಾನ್" ಅಂದರು.

ನಿಂತ ಬಸ್ಸಿನಲ್ಲಿ ಪ್ರಯಾಣಿಕರಾದರೂ ಕೂತು ಏನು ಮಾಡುತ್ತಾರೆ? ನಾಲ್ಕು ಮನೆಯವರಿಗೆಂದು ಕಲಸಿದ್ದ ಅಕ್ಷತೆ ಸಾಲದೆ, ಅಮ್ಮ ಮತ್ತೆ ಅರಿಶಿನದ ಡಬ್ಬಿ ತೆಗೆದಳು.