ಪೂರ್ತಿ ವಾಕ್ಯ

ತರಬೇತಿಯ ಮೂರನೆಯ ದಿನ, ಊಟವಾದ ಮೇಲೆ, ಮದ್ದೂರಿನ ಶಾಲೆಯೊಂದರ ಕೊಠಡಿಯಲ್ಲಿ ಹಿಂದಿನ ಕಿಟಕಿಯ ಬಳಿ ನಾನು ನಿಂತಿದ್ದೆ. ಇಂಗ್ಲಿಷ್ ಮೇಷ್ಟ್ರುಗಳಿಗಾಗಿ ನಡೆಸಿದ ತರಬೇತಿ ಅದು. ಒಳಗೆ ಕನ್ನಡ ಆಡುವಂತಿರಲಿಲ್ಲ. ನನ್ನ ಮುಂದಿನ ಬೆಂಚಿನಲ್ಲಿ ಕೆರಗೋಡು ಕಡೆಯ ಮೇಷ್ಟ್ರೊಬ್ಬರು ಕೂತಿದ್ದರು. ಇಂಗ್ಲಿಷ್ ಮಾತಾಡುವ ಮುನ್ನ ಅವರು ಕರ್ಚೀಫಿನಿಂದ ತುಟಿ ಒರೆಸಿಕೊಳ್ಳುತ್ತಿದ್ದರು. ಹೊರಗೆ ಟೀ ಕುಡಿಯುವಾಗೆಲ್ಲ ನನಗೆ ಹೇಳುತ್ತಿದ್ದರು: “ತಪ್ಪಾದ್ರೆ ನಗ್ತಾರೆ ಕಣ್ ಸಾ. ವಸಿ ಯೋಚ್ನೆ ಮಾಡಿ ಯೋಳ್ಬೇಕು.”

ಕುರ್ಚಿಯಲ್ಲಿದ್ದ ತರಬೇತುದಾರರ ತಲೆಯ ಮೇಲಿನ ಫ್ಯಾನು ಕೊಂಡಿಯಿಂದ ಜಾರುತ್ತಿದ್ದುದನ್ನು ಮೊದಲು ಕಂಡವರು ಆ ಮೇಷ್ಟ್ರೇ. ಎದ್ದು ನಿಂತರು. ತುಟಿ ಒರೆಸಿಕೊಂಡರು.

“ಸರ್, ಫ್ಯಾನ್ ಈಸ್ ಫಾಲ್... ಫಾಲ್ಸ್...”

“ಫುಲ್ ಸೆಂಟೆನ್ಸ್ ಪ್ಲೀಸ್,” ಎಂದರು ತರಬೇತುದಾರರು ನಗುತ್ತ.

“ದಿ ಫ್ಯಾನ್ ವಿಲ್ ಬಿ...” ಫ್ಯಾನು ಇನ್ನಷ್ಟು ವಾಲಿತು. “ಲೇ, ಈಚೆಗ್ ಬಾರ್ಲಾ!”

ತರಬೇತುದಾರರು ಹಾರಿದರು. ಫ್ಯಾನು ಖಾಲಿ ಕುರ್ಚಿಯನ್ನು ಮುರಿಯಿತು.

ಧೂಳು ಇಳಿದ ಮೇಲೆ ತರಬೇತುದಾರರು ಬೋರ್ಡಿನ ಮೇಲೆ ‘ವಾಚ್ ಔಟ್’ ಎಂದು ಇಂಗ್ಲಿಷಿನಲ್ಲಿ ಬರೆದು ನಮ್ಮೆಲ್ಲರಿಂದ ಹೇಳಿಸಿದರು. ಮೇಷ್ಟ್ರು ಎಲ್ಲರಿಗಿಂತ ಜೋರಾಗಿ, ತಪ್ಪಿಲ್ಲದೆ ಹೇಳಿದರು.

ಆ ಮೇಷ್ಟ್ರು ಈಗಿಲ್ಲ. ಕಣ್ಣಾರೆ ಕಂಡವರಲ್ಲಿ ನಾನಿದ್ದೇನೆ, ಮಳವಳ್ಳಿಯ ಮೇಡಂ ಒಬ್ಬರಿದ್ದಾರೆ. ತರಬೇತುದಾರರೂ ಬದುಕಿದ್ದಾರೆ.