ಟೊಪ್ಪಿ ಕರಡಿ ಮತ್ತು ತಂಗಿಯ ಏಡಿ

ಟೀವಿ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಕಳ್ಳ ವಿಡಿಯೋ ಗೇಮ್ ತಯಾರಾಗುತ್ತಿತ್ತು. ಕಳ್ಳ ಯಾಕೆಂದರೆ, ಗೇಮ್ ಇವರದೇ ಆದರೂ ಅದರಲ್ಲಿ ಕಟ್ಟೆಯಿಂದ ಕಟ್ಟೆಗೆ ಹಾರುವ ನಾಯಕ ಬೇರೆಯವರ ಸೊತ್ತು. ಅಜ್ಜಂದಿರ ಕಾಲದಿಂದ ಮಕ್ಕಳನ್ನು ನಗಿಸುತ್ತ ಬಂದ ಕಾರ್ಟೂನಿನ ಟೊಪ್ಪಿ ಕರಡಿ ಅದು. ಇವರು ಯಾರ ಅಪ್ಪಣೆಯನ್ನೂ ಕೇಳಿರಲಿಲ್ಲ. ಆ ಕರಡಿಯನ್ನು ಚುಕ್ಕಿ ಚುಕ್ಕಿಯಾಗಿ ತೆರೆಗೆ ತರುತ್ತಿದ್ದವಳಿಗೆ ಚುಕ್ಕಿ ಅಕ್ಕ ಎಂದೇ ಹೆಸರು.

ಅವಳ ಕೆಲಸ ನೋಡಬೇಕಿತ್ತು! ಹಳೇ ಕಾರ್ಟೂನ್ ಕ್ಯಾಸೆಟ್ ಹಾಕಿ, ಕರಡಿ ಕಾಲೆತ್ತಿದ ಕ್ಷಣಕ್ಕೆ ಸರಿಯಾಗಿ ನಿಲ್ಲಿಸುತ್ತಿದ್ದಳು. ಟೀವಿಯ ಗಾಜಿಗೆ ತೆಳು ಹಾಳೆ ಒತ್ತಿ ಗೆರೆ ಎಳೆದು, ಅದನ್ನು ಚೌಕುಳಿ ಕಾಗದಕ್ಕೆ ಇಳಿಸಿ, ಒಂದೊಂದೇ ಮನೆ ತುಂಬುತ್ತಿದ್ದಳು. ನಾಯಕ ತನ್ನ ಕೈಯಲ್ಲಿದ್ದಾನೆ ಎಂಬ ಜಂಬ ಅವಳಿಗೆ ಬೇಕಾದಷ್ಟಿತ್ತು. ಇರಲಿ ಬಿಡಿ, ಬೇರೆ ಯಾವುದಕ್ಕೂ ಅವಳನ್ನು ಯಾರೂ ಹೊಗಳಿದವರಲ್ಲ.

ಅಲ್ಲಿಗೂ ಬಂದು ವಕ್ಕರಿಸಿದಳು ತಂಗಿ. ಚಿಕ್ಕಂದಿನಿಂದಲೂ ಅವಳು ಗೋಡೆಗೆ ಮಸಿ ಬಳಿದರೂ ಅಮ್ಮ ಅಕ್ಕಪಕ್ಕದವರನ್ನು ಕರೆದು ತೋರಿಸುತ್ತಿದ್ದಳು. ಈಗ ಗೇಮ್ ಮಾಡಿಸುತ್ತಿದ್ದ ಯಜಮಾನರೂ ಕೆಲಸ ಬೇಗ ಮುಗಿಯಲೆಂದು ಅವಳನ್ನು ಸೇರಿಸಿಕೊಂಡಿದ್ದರು.

"ಅಕ್ಕಾ, ಕರಡಿ ನೆಗೆಯೋದನ್ನ ನಾನು ಬಿಡಿಸ್ಲಾ?"

"ಕರಡಿ ತಂಟೆಗೆ ಬಂದ್ರೆ ಕೈ ಮುರೀತೀನಿ. ನೋಡ್ಕೊಂಡು ಬಿಡಿಸೋಕೆ ನಿನಗೆಲ್ಲಿ ಬರುತ್ತೆ? ದಾರೀಲಿ ಅಡ್ಡ ಬರೋಕೆ ಏನೋ ಒಂದು ಬೇಕಂತೆ, ಗೀಚ್ಕೋ ಹೋಗು."

ಅಷ್ಟಕ್ಕೇ ಬಿಡದೆ ಕ್ಯಾಸೆಟ್ಟನ್ನು ಮೇಜಿನ ಖಾನೆಯಲ್ಲಿಟ್ಟು ಬೀಗ ಜಡಿದಳು. ನೋಡಲು ಏನೂ ಸಿಗದ ತಂಗಿ ತಲೆಗೆ ತೋಚಿದಂತೆ ಒಂದು ಏಡಿ ಬಿಡಿಸಿದಳು. ಅದರದು ಒಂದು ಕೊಂಡಿ ದೊಡ್ಡದು, ಒಂದು ಚಿಕ್ಕದು. ಕರಡಿ ತಲೆಯ ಮೇಲೆ ಹಾರಿದರೆ ಏಡಿ ಸಾಯುವ ಬದಲು ಮುಖ ಊದಿಸಿಕೊಂಡು ಆ ಕಡೆ ತಿರುಗಿ ಕೂರುತ್ತಿತ್ತು.

ಗೇಮ್ ಮಾರಾಟಕ್ಕೆ ಹೋಯಿತು. ಗೇಮ್ ಮಾರುವ ಅಂಗಡಿಯವರು ಫೋನ್ ಮಾಡಿ ಕೇಳಿದ್ದೇನು ಗೊತ್ತೇ? "ಆ ಸಿಟ್ಟಿನ ಏಡಿ ಗೇಮ್ ಇನ್ನೂ ಇದ್ರೆ ಕಳಿಸ್ರೀ!" ಚುಕ್ಕಿ ಅಕ್ಕನ ಹೊಟ್ಟೆಯಲ್ಲಿ ಬೆಂಕಿ ಬಿತ್ತು. ಹಗಲೆಲ್ಲ ಕಣ್ಣು ಕಿತ್ತುಹೋಗುವಂತೆ ದುಡಿದವಳು ತಾನು, ಮೆರೆದದ್ದು ಆ ಸೊಟ್ಟ ಮೂತಿಯ ಏಡಿ! ತಂಗಿ ಚಹಾ ತಂದುಕೊಟ್ಟರೆ ಸಕ್ಕರೆ ಜಾಸ್ತಿಯಾಯಿತು ಎಂದು ಲೋಟವನ್ನು ಹಾಗೇ ದೂಡಿದಳು.

ಕೊನೆಗೆ ಕಾರ್ಟೂನ್ ಕಂಪನಿಯ ವಕೀಲರು ಮೆಟ್ಟಿಲು ಹತ್ತಿ ಬಂದರು. ಕೂತು ಗೇಮ್ ಆಡಿ ನೋಡಿದರು.

"ಕರಡಿ ನಮ್ದು, ಟೊಪ್ಪಿ ನಮ್ದು. ನಡಿಗೆ ಕೂಡ ನಮ್ದೇ. ಒಂದು ಕೂದಲೂ ಆಚೀಚೆ ಆಗಿಲ್ಲ."

ಚುಕ್ಕಿ ಅಕ್ಕನ ಮುಖ ಅರಳಿತು. ಪಾಪ, ಅದು ಹೊಗಳಿಕೆ ಎಂದುಕೊಂಡಳು.

"ಅದಕ್ಕೇ ಹೇಳೋದು, ಎಲ್ಲಾ ಅಳಿಸಿಹಾಕಿ. ಇಲ್ಲಾಂದ್ರೆ ಕೋರ್ಟಲ್ಲಿ ಸಿಗೋಣ." ವಕೀಲರು ಏಡಿಯತ್ತ ಬೆರಳು ತೋರಿಸಿದರು. "ಇದು ನಮ್ದಲ್ಲ. ಇದನ್ನ ಏನಾದ್ರೂ ಮಾಡ್ಕೊಳ್ಳಿ."

ಅವರು ಹೋದ ಮೇಲೆ ಯಜಮಾನರು ಏಡಿಯೇ ಇನ್ನು ನಾಯಕ ಎಂದರು. ಖಾನೆಗೆ ಬೀಗ ಹಾಕಿ ತಂಗಿಯ ಏಡಿಗೆ ಆ ಪಟ್ಟ ಕಟ್ಟಿದವಳು ತಾನೇ ಎಂದು ಚುಕ್ಕಿ ಅಕ್ಕನಿಗೆ ಹೊಳೆದಾಗ ಮೈ ಪರಚಿಕೊಳ್ಳುವಂತಾಯಿತು.

"ನಡಿಗೆ ಮಾತ್ರ ಅಕ್ಕನೇ ಬಿಡಿಸ್ಬೇಕು. ಆ ಕೈ ನಂಗಿಲ್ಲ," ಎಂದಳು ತಂಗಿ. ಮನಸ್ಸಿನಿಂದಲೇ ಅಂದಳು, ಅದಕ್ಕೇ ಅಕ್ಕನಿಗೆ ಇನ್ನಷ್ಟು ಉರಿಯಿತು.

ಚುಕ್ಕಿ ಅಕ್ಕ ಚೌಕುಳಿ ಕಾಗದ ಎಳೆದುಕೊಂಡಳು. ಅಭ್ಯಾಸಬಲದಿಂದ ಟೀವಿಯತ್ತ ತಿರುಗಿದಳು. ಏಡಿ ಯಾವ ಕ್ಯಾಸೆಟ್ಟಿನಲ್ಲೂ ಇರಲಿಲ್ಲ. ಪೆನ್ಸಿಲ್ ಹಾಳೆಯ ಮೇಲೆ ಊರಿದಲ್ಲೇ ಊರಿತ್ತು.

"ಇದು... ಹೇಗೆ ನಡೆಯುತ್ತೇ?" ಎಂದು ತಂಗಿಯನ್ನೇ ಕೇಳಿದಳು.

ತಂಗಿ ಎದ್ದು, ಮೊಣಕೈ ಅಗಲಿಸಿ, ಮೇಜುಗಳ ನಡುವೆ ಅಡ್ಡಡ್ಡ ನಡೆದಳು.

"ನಿಲ್ಲೇ! ಹಾಗೇ!"

ತಂಗಿ ಒಂದು ಕಾಲು ಎತ್ತಿಕೊಂಡೇ ನಿಂತಳು. ಚುಕ್ಕಿ ಅಕ್ಕ ಗೆರೆ ಎಳೆದು ಮನೆ ತುಂಬಿದಳು. ಏಡಿ ಹಾಳೆಯ ಮೇಲೆ ಹೆಜ್ಜೆ ಎತ್ತಿತ್ತು, ಚೆನ್ನಾಗಿತ್ತು. ಅತ್ತ ತಂಗಿಯ ಕಾಲು ಗಡಗಡ ನಡುಗುತ್ತಿತ್ತು.

"ಆಯ್ತಾ ಅಕ್ಕಾ?"

"ಇನ್ನೂ ಇಲ್ಲ. ಅಲ್ಲಾಡ್ಬೇಡ," ಎಂದು ಚುಕ್ಕಿ ಅಕ್ಕ ಮುಗಿದ ಹಾಳೆಯ ಮೇಲೆ ಸುಮ್ಮನೆ ಪೆನ್ಸಿಲ್ ಆಡಿಸುತ್ತ ಕೂತಳು.