ಟ್ಯಾಂಕಿಗೆ ಸುರಿದ ಫಿನಾಯಿಲು

ಸೋಮವಾರ ಬೆಳಿಗ್ಗೆ ಕೆಳಗಿನ ಮನೆಯ ಗಿರಿಜಕ್ಕ ಒಂದು ಚೆಂಬು ನೀರು ಹಿಡಿದುಕೊಂಡು ನಮ್ಮ ಜಗಲಿಗೆ ಬಂದರು. ಕುಡಿಯಲಿಕ್ಕಲ್ಲ, ಮೂಸಲಿಕ್ಕೆ.

“ನಮ್ಮ ಬಾವಿಯದ್ದು. ಎಂತ ವಾಸನೆ, ನೀವೇ ಹೇಳಿ.”

ಮೂಸಿದೆ. ಫಿನಾಯಿಲು. ಅದರ ಅಡಿಯಲ್ಲಿ ಇನ್ನೊಂದು ವಾಸನೆ. (ಅದರ ಹೆಸರು ಬರೆಯುವುದಿಲ್ಲ, ನೀವು ಕಾಫಿ ಕುಡಿಯುತ್ತಾ ಓದುತ್ತಿರಬಹುದು.)

ನಮ್ಮ ಗುಡ್ಡೆಯಲ್ಲಿ ಫಿನಾಯಿಲು ತರುವ ಮನೆ ಒಂದೇ. ನಮ್ಮದು.

ಹೋದ ವರ್ಷ ನಾವು ಸೆಪ್ಟಿಕ್ ಟ್ಯಾಂಕ್ ಕಟ್ಟಿಸಿದಾಗ ಇದೇ ಅಂಕಣದಲ್ಲಿ ಹೆಮ್ಮೆಯಿಂದ ಬರೆದಿದ್ದೆ. ಇನ್ನು ಯಾರೂ ನಮ್ಮ ಹಿತ್ತಿಲಿಗೆ ಬಂದು ಕಕ್ಕಸಿನ ಬಕೆಟ್ ಹೊರಬೇಕಾಗಿಲ್ಲ. ಹೊಲಸೆಲ್ಲ ನೆಲದಡಿಯ ಟ್ಯಾಂಕಿಗೆ, ಅಲ್ಲಿಂದ ತಿಳಿನೀರು ಪಕ್ಕದ ಇಂಗುಗುಂಡಿಗೆ. ಎಷ್ಟು ಚೆಂದ!

ಅತ್ತೆಗೆ ಮಾತ್ರ ಸಮಾಧಾನವಿರಲಿಲ್ಲ. “ಹೊರಗೆ ಹೋಗುವುದನ್ನು ಅಂಗಳದ ಅಡಿಯಲ್ಲಿ ಇಟ್ಟುಕೊಂಡು ದೇವರಿಗೆ ದೀಪ ಹಚ್ಚುವುದು ಹೇಗೆ ಮಾರಾಯ್ತಿ?”

ಅವರ ಮನಸ್ಸಿಗೆ ನೆಮ್ಮದಿಯಾಗಲೆಂದು ದಿನಾ ಸ್ನಾನಕ್ಕೆ ಮೊದಲು ಟ್ಯಾಂಕಿಗೆ ಅರ್ಧ ಬಾಟ್ಲಿ ಫಿನಾಯಿಲು ಸುರಿದೆ. ಒಂದು ದಿನವೂ ತಪ್ಪಿಸಲಿಲ್ಲ. ಶುದ್ಧವಾಗಬೇಕಲ್ಲ?

ಗಿರಿಜಕ್ಕ ಬಂದುಹೋದ ಮೇಲೆ ಪೇಟೆಯಿಂದ ಮೇಸ್ತ್ರಿಯನ್ನು ಕರೆಸಿದೆವು. ಚಪ್ಪಡಿ ಸರಿಸಿದವರೇ ಮೂಗಿಗೆ ಹೆಗಲ ಮೇಲಿನ ಬೈರಾಸು ಹಿಡಿದರು.

“ಎಂತ ಅಮ್ಮ ಇದು? ಹೋದದ್ದು ಹೋದ ಹಾಗೇ ಉಂಟು! ಕೊಳೆಸುವ ಹುಳಗಳನ್ನೇ ಕೊಂದಿದ್ದೀರಿ. ಅವು ತಿಂದು ಕರಗಿಸಿದರೆ ಇದು ಟ್ಯಾಂಕು. ಇಲ್ಲದಿದ್ದರೆ ಬರೀ ಗುಂಡಿ.”

ಕರಗದ್ದು ತುಂಬಿ ಇಂಗುಗುಂಡಿಗೆ ದಾಟಿದೆ. ನಮ್ಮದು ಮುರಕಲ್ಲಿನ ನೆಲ, ಮೈಯೆಲ್ಲ ತೂತು. ಇಳಿದದ್ದು ಇಳಿಜಾರು ಹಿಡಿದು ಹೋಗಿದೆ. ನಮ್ಮ ಬಾವಿ ಮೇಲಿದೆ. ಗಿರಿಜಕ್ಕನದು ಕೆಳಗೆ.

ಅವರ ಮಗಳು ಹೆರಿಗೆಗೆಂದು ಬಂದಿದ್ದಾಳೆ. ಎಂಟು ತಿಂಗಳು. ನಾಲ್ಕು ದಿನದಿಂದ ವಾಂತಿ ಭೇದಿ, ಈಗ ಆಸ್ಪತ್ರೆಯಲ್ಲಿ. “ಮೊದಲು ತಾಯಿಯನ್ನು ನೋಡುವ” ಎಂದರಂತೆ ಡಾಕ್ಟ್ರು. ಮಗುವಿನ ಮಾತೆತ್ತಲಿಲ್ಲವಂತೆ.

ಮೇಸ್ತ್ರಿ ಹೇಳಿದ್ದನ್ನೆಲ್ಲ ನಾನೇ ಹೋಗಿ ಗಿರಿಜಕ್ಕನಿಗೆ ಹೇಳಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ಬೈದಿದ್ದರೆ ಚೆನ್ನಾಗಿತ್ತು.

“ನಿಮಗೂ ಗೊತ್ತಿರಲಿಲ್ಲ, ಎಂತ ಮಾಡುವುದು?” ಎಂದು ಸೆರಗಿನಲ್ಲಿ ಮುಖ ಒರೆಸಿಕೊಂಡರು.

ಫಿನಾಯಿಲು ನಿಲ್ಲಿಸಿದ್ದೇನೆ. ಟ್ಯಾಂಕ್ ಖಾಲಿ ಮಾಡಿಸಿ, ಗುಂಡಿಯನ್ನು ಬೇರೆ ಕಡೆ ತೋಡಿಸುತ್ತಿದ್ದೇವೆ. ಅವರ ಬಾವಿ ಯಾವಾಗ ಸರಿಯಾಗುತ್ತದೆ? “ಎರಡು ಮಳೆಗಾಲ ಹೋಗಬೇಕೋ ಏನೋ” ಎಂದರು ಮೇಸ್ತ್ರಿ.

ಅಲ್ಲಿಯವರೆಗೆ ಅವರಿಗೂ ನಮ್ಮ ಬಾವಿಯ ನೀರು. ಆಸ್ಪತ್ರೆಗೆ ಗಂಜಿ ಒಯ್ಯಬೇಕಲ್ಲ, ಹಾಗಾಗಿ ಗಿರಿಜಕ್ಕ ಬೆಳಿಗ್ಗೆ ಬೇಗ ಬರುತ್ತಾರೆ. ನಿನ್ನೆ ಅತ್ತೆ ನನ್ನನ್ನು ಒಳಗೆ ಕರೆದು ಪಿಸುಗುಟ್ಟಿದರು: “ಅವರ ಕೊಡ ನಮ್ಮ ಬಾವಿಗೆ ಇಳಿಸುವುದು ಬೇಡ, ಮೈಲಿಗೆ. ನೀನೇ ಸೇದಿ ಹೊಯ್ದು ಕೊಡು.”

ಸೇದಿ ಕೊಟ್ಟೆ. ಏನು ಹೇಳಲಿ ಅತ್ತೆಗೆ? ಒಂದು ವರ್ಷ ನಾವು ಅವರ ಬಾವಿಗೆ ಇಳಿಸಿದ್ದು ಏನು ಎಂದೇ?